ಶೋಕೇಸಿನ ಹೊನಲು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯಿನಿಯವರೇ, ವೇದಿಕೆಯ ಮೇಲಿರುವ ಹಿರಿಯರೇ, ಬೇಡ ಬೇಡವೆಂದರೂ ಬಿಡದೆ ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿರುವ ನಮ್ಮ ಬೇಕರಿಯ ಅಕ್ಕನವರೇ, ಅಧ್ಯಾಪಕರೇ, ತಂದೆತಾಯಂದಿರೇ, ಬಹುಮಾನ ಯಾವಾಗ ಕೊಡುತ್ತಾರೋ, ಈ ಮನುಷ್ಯ ಯಾವಾಗ ಕೂರುತ್ತಾನೋ ಎಂದು ಕಾಯುತ್ತಿರುವ ಮಕ್ಕಳೇ, ಹಾಗೂ ಎಲ್ಲ ಸಭಿಕರೇ,

ನಾನು ಭಾಷಣಕಾರನಲ್ಲ. ಬ್ರೆಡ್ಡು, ಬನ್ನು, ಬಿಸ್ಕತ್ತು ಮಾರುವವನು. ಸನ್ಮಾನ ಅಕ್ಕನಿಗೆ, ಮಾತು ನನಗೆ. ಇದೆಂಥ ನ್ಯಾಯ ಎಂದು ನೀವು ಕೇಳಬಹುದು. ಅಕ್ಕ ಒಂದೇ ಷರತ್ತಿನ ಮೇಲೆ ಬರಲು ಒಪ್ಪಿದ್ದಾರೆ: "ನಾನು ಬಂದು ಕೂತ್ಕೋತೀನಿ. ಮಾತೆಲ್ಲ ನಿಮ್ದು, ಚಿಕ್ಕ ಯಜಮಾನ್ರೇ." ನನಗೆ ತಲೆಯ ಮೇಲೆ ಕೂದಲಿಲ್ಲ, ಆದರೂ ಅವರಿಗೆ ನಾನಿನ್ನೂ ಚಿಕ್ಕ ಯಜಮಾನ.

ಈ ಸನ್ಮಾನದ ಕಾರಣ ನಿಮಗೆ ಗೊತ್ತೇ ಇದೆ. ಈ ಶಾಲೆಯಲ್ಲಿ ಹೊನಲು ಎಂಬ ಹೆಸರಿನ ಹುಡುಗಿಯರು ತರಗತಿಗೊಬ್ಬರಂತೆ ತುಂಬಿಕೊಂಡಿದ್ದಾರೆ. ಮೂರನೆಯ ತರಗತಿಯಲ್ಲಂತೂ ಇಬ್ಬರು. ಹಾಜರಿ ಕರೆಯುವಾಗ ಉದ್ದ ಜಡೆಯ ಹೊನಲು, ಕನ್ನಡಕದ ಹೊನಲು ಎಂದು ಕರೆಯಬೇಕಾಗಿದೆಯಂತೆ. ಮುಖ್ಯೋಪಾಧ್ಯಾಯಿನಿಯವರು ತಮ್ಮ ಸೇವೆಯಲ್ಲಿ ಬೇರೆ ಯಾವ ಶಾಲೆಯಲ್ಲೂ ಈ ಹೆಸರಿನ ಒಂದು ಮಗುವನ್ನೂ ಕಂಡಿರಲಿಲ್ಲ. ಇಲ್ಲಿ ಮಾತ್ರ ಏಕೆ ಹೀಗೆ ಎಂದು ಒಬ್ಬೊಬ್ಬ ತಾಯಿಯನ್ನೂ ವಿಚಾರಿಸಿದರಂತೆ. ಎಲ್ಲರದೂ ಒಂದೇ ಉತ್ತರ: ಬೇಕರಿಯ ಶೋಕೇಸಿನಲ್ಲಿರುವ ಕೇಕಿನ ಮೇಲೆ ನೋಡಿದ್ದು.

ಬೇಕರಿಯೊಳಗಿನ ಗುಟ್ಟೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಶೋಕೇಸಿನ ದೊಡ್ಡ ಕೇಕು ಕೇಕೇ ಅಲ್ಲ. ಒಳಗಿರುವುದು ಥರ್ಮೋಕೋಲ್, ಮೇಲೆ ಮಾತ್ರ ಕ್ರೀಮು. ಧೂಳು ಹಿಡಿದು ಹಳದಿಯಾದಾಗ ಹಳೆಯದನ್ನು ಕೆರೆದು ಹೊಸದಾಗಿ ಬಳಿಯುತ್ತೇವೆ. ಅದರ ಮೇಲೆ ಗುಲಾಬಿ ಬಿಡಿಸಿ ಹೆಸರು ಬರೆಯುವುದು ಅಕ್ಕನ ಕೆಲಸ. ಗುಲಾಬಿ ಕೆಂಪಾಗಿದ್ದದ್ದು ನೀಲಿಯಾಯಿತು, ನೀಲಿಯಾಗಿದ್ದದ್ದು ಮಾಯವಾಗಿ ಚಿಟ್ಟೆ ಬಂತು. ಹೆಸರು ಮಾತ್ರ ಅಂದಿನಿಂದ ಇಂದಿನವರೆಗೆ ಅದೇ. ಒಬ್ಬ ಗಿರಾಕಿ ಬಂದು, ಅದೊಂದು ಹೊಸ ಬಗೆಯ ಕೇಕು ಇರಬೇಕೆಂದುಕೊಂಡು, ಅರ್ಧ ಕೆಜಿ ಹೊನಲು ಕಟ್ಟಿಕೊಡಿ ಎಂದು ಕೇಳಿದ್ದೂ ಉಂಟು. ನಮ್ಮ ತಂದೆ ಮರುಮಾತಿಲ್ಲದೆ ಅನಾನಸ್ ಕೇಕು ಕಟ್ಟಿಕೊಟ್ಟರು. ಆತ ಮುಂದಿನ ವಾರ ಬಂದು ಹೊನಲು ಬಹಳ ರುಚಿಯಾಗಿತ್ತು ಎಂದು ಹೇಳಿಹೋದ.

ತಂದೆಗೆ ಈ ಹೆಸರು ಇಷ್ಟವಿರಲಿಲ್ಲ. ಊರಲ್ಲಿ ಯಾರಿಗೂ ಇಲ್ಲದ ಹೆಸರು ಬರೆದರೆ ಯಾರು ಕೊಳ್ಳುತ್ತಾರೆ? ಹತ್ತು ಮನೆಯಲ್ಲಿ ಇರುವ ಹೆಸರು ಬರೆದರೆ ಹತ್ತು ಮನೆಯವರು ತಿರುಗಿ ನೋಡುತ್ತಾರೆ. ಇದು ಅವರ ವ್ಯಾಪಾರದ ಲೆಕ್ಕ. ನಮ್ಮ ತಂದೆಯ ಎದುರು ಒಲೆಯ ಮುಂದಿನ ಗಟ್ಟಿ ಆಳುಗಳೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಅಕ್ಕ ಕೈಯಲ್ಲಿದ್ದ ಕ್ರೀಮಿನ ಕೋನನ್ನು ಮೇಜಿನ ಮೇಲಿಟ್ಟು ಮೆಲ್ಲಗೆ, "ಆ ಹೆಸರು ತೆಗೀಬೇಕು ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ, ಯಜಮಾನ್ರೇ" ಎಂದರಂತೆ. ತಂದೆ ಗಲ್ಲಾಪೆಟ್ಟಿಗೆಯ ಕಡೆಗೆ ಹೋದರಂತೆ. ಮತ್ತೆಂದೂ ಆ ಮಾತೆತ್ತಲಿಲ್ಲ.

ನನಗೂ ಆ ಹೆಸರಿನ ಮೇಲೆ ಕೋಪವಿತ್ತು. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ನನ್ನ ತಾಯಿ ನಾನು ಚಿಕ್ಕವನಿರುವಾಗಲೇ ತೀರಿಕೊಂಡರು. ಬೇಕರಿಯವರ ಮಗನಾದರೂ ನನ್ನ ಹುಟ್ಟುಹಬ್ಬಕ್ಕೆ ಕೇಕು ಇರುತ್ತಿರಲಿಲ್ಲ. ಊರಿನ ಮಕ್ಕಳಿಗೆಲ್ಲ ಕೇಕು ಮಾಡುವ ಗಡಿಬಿಡಿಯಲ್ಲಿ ತಂದೆಗೆ ನನ್ನ ದಿನ ನೆನಪಿರುತ್ತಿರಲಿಲ್ಲ. ಅಕ್ಕ ಕೆಲಸಕ್ಕೆ ಸೇರಿದ ವರ್ಷ ಮೊದಲ ಸಲ ನನ್ನ ಹೆಸರು ಬರೆದ ಕೇಕು ನನ್ನ ಮುಂದೆ ಬಂತು. ನಾನು ಅದನ್ನು ಕತ್ತರಿಸಲು ಬಿಡದೆ ಗೋಳು ಹುಯ್ದೆ. ಶೋಕೇಸಿನಲ್ಲಿಯೂ ನನ್ನದೇ ಹೆಸರು ಬರೆಯಿರಿ, ಅವಳ್ಯಾರು, ಅವಳೇ ಹೆಚ್ಚೇ ಎಂದು ಹಠ ಹಿಡಿದೆ. ಅಕ್ಕ ನನ್ನ ಕೆನ್ನೆಗೆ ಅಂಟಿದ್ದ ಕ್ರೀಮನ್ನು ಸೆರಗಿನಿಂದ ಒರೆಸಿದರು, ಅಷ್ಟೇ. ಅವರು ನನಗೆ ಅಕ್ಕನೋ ತಾಯಿಯೋ ಎಂದು ನಾನು ಇವತ್ತಿಗೂ ಯೋಚಿಸಲು ಹೋಗಿಲ್ಲ.

ವಿಷಯಕ್ಕೆ ಬರುತ್ತೇನೆ. ನನಗೆ ಮದುವೆಯಾಗಿ ಮಗಳು ಹುಟ್ಟಿದಾಗ ನನ್ನ ಹೆಂಡತಿ, ಮಗುವಿಗೆ ಹೊನಲು ಎಂದೇ ಹೆಸರಿಡೋಣ ಎಂದಳು. ಅಕ್ಕನಿಗೂ ಸಂತೋಷವಾಗುತ್ತದೆ ಎಂದುಕೊಂಡು ನಾನು ಓಡಿಹೋಗಿ ಹೇಳಿದೆ. "ಬೇಡಿ, ಚಿಕ್ಕ ಯಜಮಾನ್ರೇ. ನಿಮ್ಮ ಮಗು ದಿನಾ ಅಂಗಡೀಲಿ ಓಡಾಡ್ತಾಳೆ. ಆ ಹೆಸರಿನ ಮಗು ದಿನಾ ನನ್ನ ಕಣ್ಣೆದುರಿಗೆ ಓಡಾಡಿದ್ರೆ ನನ್ನ ಕೈಲಿ ಕೆಲಸ ಆಗಲ್ಲ" ಎಂದರು ಅಕ್ಕ.

ಆಮೇಲೆ ಅವರು ನನ್ನ ಹೆಂಡತಿಯ ಬಳಿ ಕುಳಿತು ಎಲ್ಲವನ್ನೂ ಹೇಳಿದರು. ಇವತ್ತು ನಾನು ಅದನ್ನು ಹೇಳುತ್ತಿರುವುದು ಅವರನ್ನು ಕೇಳಿಯೇ. ಬೆಳಿಗ್ಗೆ ಕೇಳಿದಾಗ, ಹೇಳಿ, ಆ ಮಕ್ಕಳಿಗೂ ಗೊತ್ತಾಗಲಿ ಎಂದರು.

ಅಕ್ಕನ ಪತಿ, ನಾನು ಭಾವ ಎಂದು ಕರೆಯುವವರು, ಅದೋ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರು ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸದಲ್ಲಿದ್ದರು. ಅಕ್ಕ ಬಸುರಿಯಾಗಿದ್ದಾಗ ಮಗು ಮೊದಲ ಸಲ ಮಿಸುಕಿದ ದಿನ ಅಕ್ಕ ಅವರಿಗೆ, ಒಳಗೆ ಸಣ್ಣಗೆ ನೀರು ಹರಿದ ಹಾಗಾಗುತ್ತದೆ ಎಂದರಂತೆ. ಹಾಗಾದರೆ ಹೊನಲು ಎಂದೇ ಕರೆಯೋಣ ಎಂದರಂತೆ ಭಾವ. ಹೊನಲು ಎಂದರೆ ಹರಿಯುವ ನೀರು ಎಂದು ನಿಘಂಟು ಹೇಳುತ್ತದೆ. ಆದರೆ ಈ ಊರಿನ ಹೊನಲುಗಳೆಲ್ಲ ಹುಟ್ಟಿದ್ದು ನಿಘಂಟಿನಿಂದಲ್ಲ, ಆ ಒಂದು ಮಾತಿನಿಂದ. ಗಂಡೋ ಹೆಣ್ಣೋ ಎಂದು ಗೊತ್ತಾಗುವ ಮೊದಲೇ ಗಂಡ ಹೆಂಡತಿ ಇಬ್ಬರೂ ಹೊಟ್ಟೆಯ ಹತ್ತಿರ ಬಾಯಿಟ್ಟು ಆ ಹೆಸರು ಹಿಡಿದು ಮಾತಾಡುತ್ತಿದ್ದರಂತೆ.

ಹೆಣ್ಣು ಮಗುವೇ ಹುಟ್ಟಿತು. ಸಂಜೆಯವರೆಗೆ ಇತ್ತು. ಆಮೇಲೆ ಇರಲಿಲ್ಲ.

ಮನೆಯ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ, ಇನ್ನು ಆ ಹೆಸರು ಎತ್ತಬೇಡಿ, ಮರೆತರೆ ಮುಂದಿನದು ಬರುತ್ತದೆ ಎಂದರು. ಮುಂದಿನದು ಬರಲಿಲ್ಲ. ಅಕ್ಕ ಬೇಕರಿಗೆ ಸೇರಿದರು. ಮೊದಲ ದಿನವೇ ತಂದೆ ಥರ್ಮೋಕೋಲಿನ ಕೇಕನ್ನು ಮುಂದಿಟ್ಟು, ಯಾವುದಾದರೂ ಒಂದು ಹೆಸರು ಬರೆಯಮ್ಮ, ಕೈ ಹೇಗಿದೆ ನೋಡೋಣ ಎಂದರು. ನನ್ನ ಹೆಂಡತಿಯ ಮುಂದೆ ಅಕ್ಕ ಹೇಳಿದ್ದು ಇಷ್ಟು: "ಹೆಸರು ಇತ್ತು ಕಣಮ್ಮ. ಅದನ್ನ ಬರೆಯೋಕೆ ಎಲ್ಲೂ ಜಾಗ ಸಿಕ್ಕಿರಲಿಲ್ಲ." ಅದನ್ನು ನನ್ನ ಹೆಂಡತಿ ಆ ರಾತ್ರಿಯೇ ನನಗೆ ಹೇಳಿದಳು. ನಾವು ಮಗಳಿಗೆ ಬೇರೆ ಹೆಸರಿಟ್ಟೆವು.

ಅಷ್ಟಕ್ಕೇ ಮುಗಿದಿದ್ದರೆ ನಾವು ಇಲ್ಲಿ ಸೇರುತ್ತಿರಲಿಲ್ಲ. ಮರುವರ್ಷ ಒಬ್ಬ ಆಟೋ ಚಾಲಕರು ಹೆಂಡತಿಯೊಡನೆ ಬಂದು, ಮಗಳಿಗೆ ಒಂದು ವರ್ಷ ತುಂಬುತ್ತದೆ, ಒಂದು ಕೆಜಿ ಕೇಕು ಬೇಕು ಎಂದರು. ಏನು ಹೆಸರು ಬರೆಯಬೇಕು ಎಂದು ಕೇಳಿದೆ. ಅವರು ನಗುತ್ತ ಶೋಕೇಸಿನ ಕಡೆ ಕೈ ತೋರಿಸಿದರು. ದಿನಾ ಆಟೋ ನಿಲ್ಲಿಸುವಾಗ ನೋಡಿ ನೋಡಿ ಮನಸ್ಸಿಗೆ ಹಿಡಿಸಿತಂತೆ. ಸುದ್ದಿಯನ್ನು ಅಕ್ಕನಿಂದ ಮುಚ್ಚಿಡಲೇ, ಆರ್ಡರನ್ನೇ ಬೇಡವೆನ್ನಲೇ? ಇಡೀ ದಿನ ಒದ್ದಾಡಿ ಕೊನೆಗೆ ಹೇಳಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಕೊಡಿ, ಬರೀತೀನಿ ಎಂದರು.

ಅಂದು ಮೊದಲ ಸಲ ನಿಜವಾದ ಕೇಕಿನ ಮೇಲೆ ಆ ಹೆಸರು ಬಂತು. ಬರೆದರು, ಅಳಿಸಿದರು, ಮತ್ತೆ ಬರೆದರು. ಡಬ್ಬಿಯನ್ನು ಯಾರ ಕೈಗೂ ಕೊಡದೆ ತಾವೇ ಹೊರಗೆ ತಂದು ಆ ತಾಯಿಯ ಕೈಗಿತ್ತು, ಮಗು ಚೆನ್ನಾಗಿ ಹಾಲು ಕುಡಿಯುತ್ತದೆಯೇ, ಹಲ್ಲು ಬಂದಿದೆಯೇ ಎಂದೆಲ್ಲ ವಿಚಾರಿಸಿದರು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದರು. ಅಳುತ್ತಾರೆಂದು ನಾನು ಹೆದರಿದ್ದೆ. ಅವರು ನನ್ನ ಕಡೆ ತಿರುಗಿ, "ಆ ಹೆಸರಿಗೆ ಒಂದು ವರ್ಷ ತುಂಬ್ತು, ಚಿಕ್ಕ ಯಜಮಾನ್ರೇ" ಎಂದರು. ಅತ್ತವನು ನಾನು.

ಆ ಮಗು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಹಿಂದೆಯೇ ಟೈಲರ್ ಮನೆಯ ಹೊನಲು, ನರ್ಸಮ್ಮನ ಹೊನಲು, ಒಬ್ಬರನ್ನು ನೋಡಿ ಒಬ್ಬರು ಇಟ್ಟ ಹೊನಲುಗಳು. ಪ್ರತಿ ವರ್ಷ ಇವರ ಕೇಕುಗಳನ್ನೆಲ್ಲ ಅಕ್ಕನೇ ಬರೆಯುವುದು. ಯಾರಿಗೆ ಚಾಕೊಲೇಟು ಆಗುವುದಿಲ್ಲ, ಯಾರು ಗುಲಾಬಿಯನ್ನೇ ಮೊದಲು ತಿನ್ನುತ್ತಾಳೆ, ಎಲ್ಲವೂ ಅವರಿಗೆ ಗೊತ್ತು. ತಂದೆತಾಯಂದಿರೇ, ನೀವು ಒಂದು ಚೆಂದದ ಹೆಸರು ಸಿಕ್ಕಿತೆಂದು ತೆಗೆದುಕೊಂಡಿರಿ. ಅದರಿಂದ ನೀವು ಅಕ್ಕನಿಗೆ ಕೊಟ್ಟಿದ್ದು ಎಷ್ಟೆಂದು ನಿಮಗೆ ಗೊತ್ತಿರಲಿಲ್ಲ. ನಮ್ಮ ಬೇಕರಿಯ ಪರವಾಗಿ, ನನ್ನ ತಂದೆಯ ಪರವಾಗಿ ನಿಮಗೆ ಕೈಮುಗಿಯುತ್ತೇನೆ.

ಇನ್ನೊಂದು ಮಾತು, ಮುಗಿಸಿಬಿಡುತ್ತೇನೆ. ಇವತ್ತು ಇಲ್ಲಿಗೆ ಬರುವಾಗ ದಾರಿಯಲ್ಲಿ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಆ ಹೆಸರು ನೀವು ಕೇಳಿದ್ದೀರಾ?" ಎಂದರು. ನಾನು ಯೋಚಿಸಿದೆ. ಆಟೋದವರ ಮಗಳು ಎನ್ನುತ್ತಾರೆ. ನರ್ಸಮ್ಮನ ಪುಟ್ಟಿ ಎನ್ನುತ್ತಾರೆ. ಆ ಹೆಸರು ಮಾತ್ರ ಇಲ್ಲ. ಅದೇ ಮೇಜಿನ ಪಕ್ಕ ಇಡೀ ಆಯುಷ್ಯ ಕಳೆದ ನನಗೆ ಇದು ಗೊತ್ತೇ ಆಗಿರಲಿಲ್ಲ. ಬೇಡವೆಂದು ಹಿರಿಯರು ಅಂದ ದಿನ ನಿಂತ ಬಾಯಿ ನಿಂತೇ ಇದೆ. ಅಕ್ಕ ಸಾವಿರ ಸಲ ಬರೆದಿದ್ದಾರೆ, ಒಂದು ಸಲವೂ ಕರೆದಿಲ್ಲ.

ಅಕ್ಕ, ನಾನು ಮಾತು ಕೊಟ್ಟಂತೆ ನಿಮ್ಮಿಂದ ಭಾಷಣ ಕೇಳುವುದಿಲ್ಲ. ಮೈಕೂ ಬೇಡ. ಆದರೆ ಇಲ್ಲಿ ಇಷ್ಟೊಂದು ಮಕ್ಕಳಿದ್ದಾರೆ, ಕರೆದರೆ ಓಗೊಡುವವರು. ನಿಮಗೆ ಆಗುವುದಾದರೆ ಒಂದೇ ಒಂದು ಸಲ. ಆಗದಿದ್ದರೆ ಕೂತಿರಿ, ನಾವು ಹಾಗೆಯೇ ಬಹುಮಾನಕ್ಕೆ ಹೋಗೋಣ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಎದ್ದೇಬಿಟ್ಟರಲ್ಲ. ಭಾವ, ನೀವೂ ಬನ್ನಿ, ಕೈ ಹಿಡಿದುಕೊಳ್ಳಿ.

ಈ ಅವಕಾಶ ಕೊಟ್ಟ ಶಾಲೆಗೂ, ತಾಳ್ಮೆಯಿಂದ ಕೇಳಿದ ನಿಮಗೂ ನಾನು ಋಣಿ. ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಅವಸರ ಮಾಡಬೇಡಿ, ಯಾರೂ ಮೊದಲೇ ಓ ಅನ್ನಬೇಡಿ. ಅವರು ಕರೆಯಲಿ.