ಬೋರಲು ಮಲಗಿದ ಅಧ್ಯಕ್ಷರು

...ಇಲ್ಲ ಇಲ್ಲ ಮೇಡಂ, ಅಳ್ಳಾಡಂಗಿಲ್ಲ. ಮಾತಾಡಿದ್ರ ಬೆನ್ನು ಅಳ್ಳಾಡತದೇನ್ರಿ? ... ಹಾಂ, ಹಂಗಾರ ಸಣ್ಣಗ ಮಾತಾಡ್ತೇನಿ. ಸುಮ್ಕ ಮಲಗಿದ್ರ ಅಂಜಿಕಿ ಬರ್ತದ್ರಿ ನನಗ. ಅರವತ್ತೆರಡು ವರ್ಷದಾಗ ಈ ಮಹಾರುದ್ರಪ್ಪನ ಮೈಮ್ಯಾಲ ಪೈಲಾ ಸಲ ಕತ್ತರಿ ಬೀಳಾಕತ್ತದ. ಅರಿವಿ ಅಂಗಡಿಯವ ನಾ, ಕತ್ತರಿ ಏನಿದ್ರೂ ಅರಿವಿ ಮ್ಯಾಲ. ಬೆನ್ನಾಗಿನ ಒಂದು ಗಂಟು ತಗ್ಯಾಕ ಹಿಂಗ ಬೋರಲು ಮಲಗಸ್ತಾರ ಅಂತ ಯಾರೂ ಹೇಳಿದ್ದಿಲ್ಲ. ಸೂಜಿ ಚುಚ್ಚಿದ ಮ್ಯಾಲಂತೂ ಬೆನ್ನು ಅದನೋ ಇಲ್ಲೋ ಅನ್ನೋದೇ ಗೊತ್ತಾಗವಲ್ದು.

ಏನಂತಿದ್ದೆ? ಹಾಂ, ನಾಳಿನ ನಿಮ್ಮ ಸತ್ಕಾರ. ನಮ್ಮ ಬಸವಕಲ್ಯಾಣದ ಸತ್ಕಾರ ಸಮಿತಿಗೆ ನಾನೇ ಅಧ್ಯಕ್ಷ. ಹುಮನಾಬಾದಿಗೆ ಬೆನ್ನು ತೋರ್ಸಾಕ ಬಂದೇನಿ ಖರೆ, ಆದ್ರ ಆಮಂತ್ರಣನೂ ಕೊಟ್ಟಂಗಾತು. ಮಿಷನ್ನಿನ್ಯಾಗ ಕೈ ಸಿಕ್ಕ ರಾಜೇಶ್ವರ ಹಳ್ಳಿ ರೈತನ ಮೂರು ಬೆರಳು ನೀವು ಹೊಳ್ಳಿ ಜೋಡಿಸಿದ್ರಲ್ಲ, ಅದು ಪೇಪರಿನ್ಯಾಗ ಬಂದ ದಿನಾನೇ ಠರಾವ್ ಮಾಡಿದ್ವಿ, ಡಾಕ್ಟರ್ ಸೋನಾಲಿ ನಮ್ಮ ಕಲ್ಯಾಣದ ಮಗಳು ಅಂತ. ... ಕೊಡಂಬಲ? ಹುಟ್ಟಿದ್ದು ಕೊಡಂಬಲ ಇರಬಹುದ್ರಿ. ಪೇಪರಿನ್ಯಾಗ ಬಂದ ಮ್ಯಾಲ ಎಲ್ಲಾರ ಮಗಳು.

ಮಾನಪತ್ರ ಮೊಬೈಲಿನ್ಯಾಗ ಅದ, ಮೊಬೈಲು ಮಾರಿ ಕೆಳಗೇ ಅದ. ಓದ್ತೇನಿ, ತಪ್ಪಿದ್ರ ಈಗೇ ಹೇಳ್ರಿ, ಸಂಜಿಗೆ ಚೌಕಟ್ಟು ಹಾಕಿಸಬೇಕು. "ಕೆಸರಿನಲ್ಲಿ ಅರಳಿದ ಕಮಲವೇ..." ... ಯಾವ ಕೆಸರು? ಅಯ್ಯ, ಕೆಸರು ಅಂದ್ರ... ಹಂಗೇನಿಲ್ರಿ, ಕಮಲ ಅಂದ ಮ್ಯಾಲ ಕೆಸರು ಬರಬೇಕಲ್ಲ. ನಮ್ಮ ಓಂಪ್ರಕಾಶ ಬರದಾನ, ಹೈಸ್ಕೂಲ್ ಮಾಸ್ತರ. ... ಹ್ವಾದ ವರ್ಷ ಗುರುಲಿಂಗ ಡಾಕ್ಟರಿಗಾ? ಅವರಿಗೆ "ವೈದ್ಯಲೋಕದ ಸೂರ್ಯ" ಅಂತ ಬರದಿದ್ವಿ. ಸೂರ್ಯಗ ಕೆಸರು ಹತ್ತಂಗಿಲ್ಲಲ್ರಿ.

ಮುಂದ ಕೇಳ್ರಿ. "ಮೀಸಲಾತಿಯನ್ನು ಸಾರ್ಥಕಪಡಿಸಿದವರೇ..." ... ಓಹೋ, ಸಾಮಾನ್ಯ ಲಿಸ್ಟಿನ್ಯಾಗೇ ಬಂದಿತ್ತಾ ನಿಮ್ಮ ಹೆಸರು? ಮೂರನೇ ರ್‍ಯಾಂಕ್? ಅಚ್ಛಾ. ಅದನ್ನೂ ಸೇರಸೂಣು, ಇದನ್ನೂ ಇಡೂಣು. "ಶುದ್ಧ ಕನ್ನಡ ಮಾತನಾಡುವವರೇ..." ಇದ್ರಾಗಂತೂ ತಪ್ಪಿಲ್ಲ. ಖರೇ ಹೇಳ್ತೇನಿ, ನಿಮ್ಮ ಉಡುಪು ನೋಡಿದ್ರ, ಮಾತು ಕೇಳಿದ್ರ, ಬಿಲ್ಕುಲ್ ಗೊತ್ತಾಗಂಗಿಲ್ರಿ. ... ಏನು ಗೊತ್ತಾಗಂಗಿಲ್ಲ ಅಂದ್ರ... ಡಾಕ್ಟರ್ ಅಂತ ಗೊತ್ತಾಗಂಗಿಲ್ಲ. ಅಷ್ಟು ಸಣ್ಣವರು ಕಾಣ್ತೀರಿ.

ಶರಣರ ಊರಿನವರು ನಾವು, ನಮ್ಮೊಳಗ ಅದೆಲ್ಲಾ ಇಲ್ಲ. ನಿಮ್ಮನ್ನ ಉಡಿ ತುಂಬಿ ಕಳಸಬೇಕಂತನೂ ಠರಾವ್ ಆಗೇದ. ಅಕ್ಕಿ, ಕೊಬ್ಬರಿ ಬಟ್ಟಲ ಬಂದಾವ, ಜಂಪರ್ ಪೀಸು ನನ್ನ ಅಂಗಡೀದೇ. ತೊಂದರಿ ಏನಂದ್ರ, ತುಂಬೋರು ಯಾರು? ನಮ್ಮ ಮನಿಯಾಕಿ ಪಾರ್ವತಿಬಾಯಿಗೆ ಕೇಳಿದೆ, ಮೊಳಕಾಲು ಬ್ಯಾನಿ ಅಂದಳು. ಕಾರ್ಯದರ್ಶಿ ಮನಿಯಾಕಿಗೆ ಕೇಳಿದ್ವಿ, ಅಕೀಗೂ ಮೊಳಕಾಲು. ಹನ್ನೊಂದು ಮಂದಿ ಹೆಣ್ಮಕ್ಕಳಿಗೆ ಒಂದೇ ದಿನ ಕಾಲು ಹಿಡಕೊಂಡಾವ. ಎಲ್ಲಾರಿಗೂ ಎಡಗಾಲು. ಇದು ಹಬ್ಬೋ ಬ್ಯಾನಿ ಏನ್ರಿ? ... ಅದಕ್ಕ ಓಂಪ್ರಕಾಶ ಉಪಾಯ ಹೇಳ್ಯಾನ. ಸಾಮಾನೆಲ್ಲಾ ಟೇಬಲ್ ಮ್ಯಾಲ ಇಡೋದು, ಮೈಕಿನ್ಯಾಗ "ಉಡಿ ತುಂಬಲಾಯಿತು" ಅನ್ನೋದು, ಚಪ್ಪಾಳಿ ಹೊಡಿಯೋದು. ಶಾಲೂ ಹಂಗೇ, ತಾಟಿನ್ಯಾಗ ಇಟ್ಟು ಕೊಡ್ತೇವಿ, ನೀವೇ ಹೊದ್ಕೋಬೇಕು. ಕೊರೋನಾ ಬಂದಾಗಿಂದ ನಮ್ಮಲ್ಲಿ ಹಿಂಗೇ ಪದ್ಧತಿ. ... ಗುರುಲಿಂಗ ಡಾಕ್ಟರಿಗೆ? ಅವರಿಗೆ... ನಾನೇ ಹೊದಿಸಿದೆ. ಅವರಿಗೆ ತೋಳು ನೋಯ್ತಿತ್ತು.

ಈಗೇನು ನಡದದ್ರಿ? ಹೊಲಿಗಿಯಾ? ... ನಾಲ್ಕು ಟಾಕಿ ಆಗೇ ಹೋದ್ವಾ? ಭಾಳ ಹಗುರ ಕೈ ನಿಮ್ಮದು. ನಾ ಮನಿಯಾಕಿಗೆ ಮೊದಲೇ ಅಂದಿದ್ದೆ, ಹೊಲಿಗಿದು ಫಿಕರ್ ಮಾಡಬ್ಯಾಡ, ಅದು ಅವರ ರಕ್ತದಾಗೇ ಬಂದದ, ಚರ್ಮ ಅಂದ್ರ ಏನಂತ ಅವರ ಕೈಗೆ ಗೊತ್ತಿರ್ತದ ಅಂತ. ... ಸಿಮ್ರಾನ್, ಯಾಕ ನಗ್ತಿ ಬೇಟಿ? ನರ್ಸ್ ಇದ್ದೋರು ನಗಬಾರದು. ಹೊಗಳಾಕತ್ತೇನಿ ನಾ. ಮೇಡಂ, ನಿಮ್ಮ ತಂದಿಯವರದು ಚಪ್ಪಲಿ ಅಂಗಡಿ ಎಲ್ಲಿತ್ರಿ? ... ಗಣಿತ ಮಾಸ್ತರ್ರಾ? ... ಮತ್ತ ಅಜ್ಜಾರು? ... ಪೋಸ್ಟ್ ಆಫೀಸು. ... ಮುತ್ತಜ್ಜ? ಜರಾ ನೆನಪ ಮಾಡ್ಕೋರಿ, ಯಾರರೆ ಒಬ್ಬರು ಚಪ್ಪಲಿ ಹೊಲದಿರಬೇಕು...

ಕತ್ತರಿ ಇಟ್ಟ ಸಪ್ಪಳ ಆತಲ್ರಿ. ... ಮೇಡಂ? ... ಸಿಟ್ಟಾದ್ರೇನು? ಬೆನ್ನು ಬಿಚ್ಚಿಟ್ಟು ಸಿಟ್ಟಾಗಬ್ಯಾಡ್ರಿ, ಹೊಲದು ಆಗ್ರಿ. ... ನೋಡ್ರಿ, ನಾ ಕೆಟ್ಟವ ಅಲ್ಲ. ಕಲ್ಯಾಣದಾಗ ಆ ಖಾಸಗಿ ದವಾಖಾನಿಯವರು ನಿಮ್ಮನ್ನ ಕೆಲಸದಿಂದ ತಗದಾಗ ಭಾಳ ಕೆಟ್ಟನಿಸಿತ್ತು ನನಗ. ಯಾರೋ ಅರ್ಜಿ ಕೊಟ್ರಂತ. ಯಾರು ಏನು ನಮಗ ಮಾಲೂಮಿಲ್ಲ. ನಲವತ್ತೊಂದು ಮಂದಿ ಸಹಿ ಮಾಡಿದ್ರಂತ.

... ನಲವತ್ತೊಂದು ಅಂತ ಹ್ಯಾಂಗ ಗೊತ್ತು ಅಂತ ಕೇಳಾಕತ್ತೀರಿ. ಬಾಯಿಲೆ ಕೇಳ್ಲಿಲ್ಲ, ಮನಸ್ಸಿನ್ಯಾಗ ಕೇಳಾಕತ್ತೀರಿ. ಮಂದಿ ಅಂತಿದ್ರು. ... ಅರ್ಜಿಯೊಳಗ ಕೆಟ್ಟ ಮಾತು ಒಂದೂ ಇದ್ದಿಲ್ರಿ. "ರೋಗಿಗಳಿಗೆ ಮುಜುಗರವಾಗುತ್ತಿದೆ" ಅಂತಷ್ಟೇ. ಆ ಮುಜುಗರ ಅನ್ನೋ ಶಬ್ದ ಹುಡುಕಾಕ ಒಂದು ಸಂಜಿ ಹಿಡೀತು ನಮಗ. ಅಂದ್ರ, ಅವರಿಗೆ. ... ಹಿಂಗ ಸುಮ್ಕ ನಿಂದರಬ್ಯಾಡ್ರಿ ಮೇಡಂ. ಬೇಕಾದ್ರ ಬೈರಿ. ...

ಆತು. ಮೊದಲನೇ ಸಹಿ ನಂದು. ಉಳಿದವರೂ ನನ್ನ ಅಂಗಡಿ ಕಟ್ಟಿ ಮ್ಯಾಲೇ ಕುಂತು ಮಾಡಿದ್ರು, ಪೆನ್ನೂ ನಂದೇ. ನಿಮಗ ಕಾರಣನೂ ಹೇಳ್ಲಿಲ್ಲ ಯಾರೂ. ಅವತ್ತು ಬಸ್ ಸ್ಟ್ಯಾಂಡಿನ್ಯಾಗ ಬ್ಯಾಗ್ ಹಿಡಕೊಂಡು ನೀವು ನಿಂತದ್ದು ನೋಡಿ ನಾ ಕಂಬದ ಹಿಂದ ಸರದೆ. ನಾಚಿಕಿ ಬಂದಿತ್ರಿ. ಈಗೂ ಬರಾಕತ್ತದ. ...

ಮೇಡಂ? ... ಸಿಮ್ರಾನ್, ನಿಮ್ಮ ಮೇಡಂ ಯಾಕ ಏನೂ ಅನವಲ್ರು? ... ಇಲ್ಲ ಅಂದ್ರ? ಯಾವಾಗ ಹೋದ್ರು? ... ಕಡೀ ಟಾಕಿ, ಆರನೇದು, ಹಾಕಿ, ಕತ್ತರಿ ಇಟ್ಟು... ಅಂದ್ರ ನಾ ಮುತ್ತಜ್ಜನ ಕೇಳಿದಾಗೇ? ಮುಂದಿಂದು ಏನೂ ಕೇಳ್ಲಿಲ್ಲ? ಸಹಿದೂ? ... ಮತ್ತ ಇಷ್ಟೊತ್ತು ಯಾರ ಮುಂದ ಹೇಳಿದೆ ನಾ?

ಬರೀ ನಿನ್ನ ಮುಂದ. ... ಹೊಳ್ಳಲೇನು ಈಗ? ... ಹಂಗ್ಯಾಕ ನೋಡ್ತಿ ಬೇಟಿ? ನಕ್ಕಿದ್ರ ಛಲೋ ಇತ್ತು. ... ಹೊರಗ ಅದಾರೇನು ಅವರು? ಕರಿ. ... ಬ್ಯಾಡ, ಕರೀಬ್ಯಾಡ. ಬೋರಲು ಮಲಗಿ ಹೇಳೋದೇ ಇಷ್ಟು ಕಷ್ಟ ಆತು, ಮಾರಿ ನೋಡಿ ಹ್ಯಾಂಗ ಹೇಳಲಿ? ನನ್ನ ಪರವಾಗಿ ನೀನೇ ಹೇಳ್ತೀಯಾ? ...

ಹೇಳಂಗಿಲ್ಲ. ... ಆತು. ನನ್ನ ಅಂಗಿ ಕೊಡು.