ಮಸುಕು ಗಾಜಿನ ಮೇಲಿನ ಜೇಡ

ಹೆಂಡತಿ ತೀರಿಕೊಂಡ ಮೇಲೆ ಮುದುಕರೊಬ್ಬರು ಬಸ್ಸಿನಲ್ಲಿ ಕಣ್ಣುಮುಚ್ಚಿ ದೇವರ ಹೆಸರು ಹೇಳಿಕೊಳ್ಳುತ್ತ ಕೂರುತ್ತಿದ್ದರು. ಅಂದು ಬೆಳಗ್ಗೆ ಹೊರಗೆಲ್ಲ ಮಂಜು. ಒಳಗಿನವರ ಉಸಿರಿಗೆ ಕಿಟಕಿಯ ಗಾಜು ಮಸುಕಾಗಿತ್ತು. ಮುಂದಿನ ಸೀಟಿನಲ್ಲಿ ಚಿತ್ರದ ಟೀಚರಮ್ಮ ತಮ್ಮನ ಮಗಳಿಗೆ ಗಾಜಿನ ಮೇಲೆ ಬೆರಳಿನಿಂದ ಜೇಡ ಬರೆದು ತೋರಿಸುತ್ತಿದ್ದರು.

“ಸಣ್ಣ ಸೊನ್ನೆ, ಅದರ ಹಿಂದೆ ದೊಡ್ಡ ಸೊನ್ನೆ. ಕಾಲೆಲ್ಲ ಸಣ್ಣದರಿಂದ ಹೊರಡ್ಬೇಕು. ಮಕ್ಕಳು ಹೊಟ್ಟೆಗೆ ಅಂಟಿಸಿಬಿಡ್ತಾರೆ.”

“ನಾನೂ ಅಲ್ಲೇ ಅಂಟಿಸ್ತಿದ್ದೆ, ಅತ್ತೆ.”

“ಗೊತ್ತು ಬಿಡು. ಒಂದು ಕಡೆ ನಾಲ್ಕು ಕಾಲು ಬರೆಸು. ಆಮೇಲೆ ಹಾಳೆ ತಲೆಕೆಳಗು ಮಾಡಿಸಿ ಇನ್ನೊಂದು ಕಡೆಗೂ ಅದೇ ನಾಲ್ಕು.”

“ನಿಮ್ಮ ಜೇಡದ ಕಾಲು ಯಾಕೆ ಹೀಗೆ?”

“ಕಾಯಿಲೆ ಆದ್ಮೇಲೆ ಕೈ ನಡುಗುತ್ತಲ್ಲೇ. ಇವತ್ತು ನನ್ನ ಬದಲು ಪಾಠ ಮಾಡೋಕೆ ನಿನ್ನನ್ನ ಕ್ಲಾಸಿಗೆ ಬಿಟ್ಟು, ಕೆಲಸ ಬಿಡ್ತೀನಿ ಅಂತ ಹೇಳಿ ಬರ್ತೀನಿ.”

ಹುಡುಗಿ ಪಕ್ಕದಲ್ಲೇ ತಾನೊಂದು ಬರೆದಳು.

“ನಂದು ನೋಡಿ. ಛತ್ರಿ ಕಡ್ಡಿ ಮುರಿದು ಚುಚ್ಚಿದ ಹಾಗಿದೆ.”

“ನೆಟ್ಟಗಿದೆಯಲ್ಲೇ!”

“ನೆಟ್ಟಗಿದೆ, ಜೀವ ಇಲ್ಲ. ನಿಮ್ಮದು ನಡೀತಿದೆ ಅತ್ತೆ. ಸ್ವಲ್ಪ ಬಿಟ್ರೆ ಹಿಂದಿನ ಅಜ್ಜನ ಮೇಲೆ ಹತ್ತುತ್ತೆ.”

ಮುದುಕರು ಜಪ ಮರೆತು ಕಾಲು ಹಿಂದಕ್ಕೆಳೆದುಕೊಂಡರು.

“ಮಕ್ಕಳು ನಗ್ತಾರೆ ಕಣೇ.”

“ಮೊದಲು ಕಿರುಚ್ತಾರೆ, ಆಮೇಲೆ ನಗ್ತಾರೆ. ಬೋರ್ಡಿನ ಹತ್ರ ಕುರ್ಚಿ ಹಾಕ್ತೀನಿ, ನೀವು ಕೂತು ಬರೀರಿ. ಮಕ್ಕಳ ಹಾಳೆ ತಿರುಗಿಸೋಕೆ ನಾನಿದ್ದೀನಿ.”

ಬಸ್ಸು ನಿಂತಿತು. ಟೀಚರಮ್ಮ ಗಾಜನ್ನೇ ನೋಡುತ್ತ ಕೂತಿದ್ದರು.

“ಏಳಿ ಅತ್ತೆ, ಸ್ಕೂಲು ಬಂತು.”

“ಬಣ್ಣದ ಸೀಮೆಸುಣ್ಣ ಉಳಿದಿದೆಯೋ ಇಲ್ವೋ ಅಲ್ಲಿ. ಬರೀ ಬಿಳೀದರಲ್ಲಿ ನಾನು ಬರೆಯಲ್ಲ,” ಎನ್ನುತ್ತ ಅವರು ಎದ್ದರು. ಇಬ್ಬರೂ ಕೈಹಿಡಿದುಕೊಂಡು ಮಂಜಿನೊಳಗೆ ಇಳಿದುಹೋದರು.