ಹೆಸರು ಹಿಡಿದು ಕರೆದ ದನಿ

ಊರು ಯಾವುದಾದರೂ ಇರಲಿ, ಅಲ್ಲೊಬ್ಬ ಶ್ರೀಮಂತನಿದ್ದ. ಸೀರೆ ವ್ಯಾಪಾರಿ, ಹೆಸರು ಅಡಿವೆಪ್ಪ. ತಾಯಿ ತೀರಿಕೊಂಡ ಮೇಲೆ ಅವನಿಗೆ ಯಾವುದರಲ್ಲೂ ರುಚಿ ಉಳಿಯಲಿಲ್ಲ. ಆಕೆ ಹಾಡುತ್ತಿದ್ದ ತತ್ವಪದಗಳನ್ನು ಅವನ ಮಗಳು ಯಾವಾಗಲೋ ರೆಕಾರ್ಡ್ ಮಾಡಿ, ಕಿಸೆಯಲ್ಲಿ ಹಿಡಿಯುವ ಪ್ಲೇಯರಿಗೆ ತುಂಬಿಕೊಟ್ಟಿದ್ದಳು. ಊಟವಾದ ಕೂಡಲೇ ಕೋಣೆ ಸೇರಿ, ಕದ ಮುಂದೆ ಮಾಡಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತನೆಂದರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಹೆಂಡತಿ ಪಾರವ್ವ ಬಾಗಿಲಲ್ಲಿ ನಿಂತು 'ಏನ್ರಿ' ಅಂದರೆ ಕೈಬೀಸಿ ಕಳಿಸುತ್ತಿದ್ದ. ಗಂಡನ ಹೆಸರು ಹೇಳುವ ರೂಢಿ ಆಕೆಗಿರಲಿಲ್ಲ. ಆ ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವಳು ತಾಯಿ ಒಬ್ಬಳೇ.

ಅಂಥ ತಾಯಿಯ ದನಿಗೆ ಈ ಪುಟಾಣಿ ಇಯರ್‌ಫೋನ್ ಸಾಲದು ಅನ್ನಿಸಿತು. ಹುಬ್ಬಳ್ಳಿಗೆ ಹೋಗಿ, ಸ್ಟುಡಿಯೋದವರು ಹಾಕಿಕೊಳ್ಳುವಂಥ, ಹಿಂಬದಿಗೆ ಹೊರಗಿನ ಸದ್ದೂ ತೂರಿಬರುವ ಜಾಲರಿಯಿರುವ ದೊಡ್ಡ ಹೆಡ್‌ಫೋನ್ ಆರಿಸಿದ. ಅಂಗಡಿಯವನು ತಡೆದ.

"ಸಾಹುಕಾರ್ರ, ಇದು ದೊಡ್ಡ ಮಷಿನ್‌ಗೆ ಹಚ್ಚೂದ್ರಿ. ನಿಮ್ಮ ಪ್ಲೇಯರ್‌ಗೆ ಇದನ್ನ ನೂಕೂ ತಾಕತ್ತಿಲ್ಲ."

ಒಳಗಿನ ಸುರುಳಿಯ ತಂತಿ ಬಲು ಸಣ್ಣದು, ಸುತ್ತು ಹೆಚ್ಚು, ಹೀಗಾಗಿ ಕರೆಂಟಿಗೆ ಅಡ್ಡಿಯೂ ಹೆಚ್ಚು. ಪುಟ್ಟ ಪ್ಲೇಯರು ನೂಕಿದರೆ ಒಳಗೆ ಸ್ವಲ್ಪವೇ ಹರಿಯುತ್ತದೆ, ವಾಲ್ಯೂಮ್ ಎಷ್ಟು ಏರಿಸಿದರೂ ದನಿ ಸಣ್ಣಗೇ ಬರುತ್ತದೆ ಎಂದು ಬಿಡಿಸಿ ಹೇಳಿದ. ನೋಡಿ, ಹೇಳುವವನು ಹೇಳಿದ. ಕೇಳಬೇಕಾದವನ ಮನಸ್ಸು ಅಲ್ಲಿರಲೇ ಇಲ್ಲ, ದುಡ್ಡು ಕೊಟ್ಟು ಹೊರಟ.

ಮನೆಗೆ ಬಂದು ಹಾಕಿಕೊಂಡ. ತಾಯಿ ಹಾಡುತ್ತಿದ್ದಾಳೆ, ಆದರೆ ಎಲ್ಲಿಂದ? ಹಾಳುಬಾವಿಯ ತಳದಿಂದ ಹಾಡಿದ ಹಾಗೆ. ವಾಲ್ಯೂಮ್ ಏರಿಸಿದ. ಪೂರಾ ಏರಿಸಿದ. ಆಕೆ ಹತ್ತಿರ ಬರಲೇ ಇಲ್ಲ. ತಾಯಿ ತನ್ನನ್ನು ಬಿಟ್ಟು ದೂರ ಹೋಗುತ್ತಿದ್ದಾಳೆ ಎಂಬ ಅಂಜಿಕೆ ಹೊಕ್ಕಿತು. ದಿನಾ ಉಸಿರು ಬಿಗಿಹಿಡಿದು ಕೇಳತೊಡಗಿದ. ಬೆನ್ನ ಹಿಂದೆ ಯಾರೋ ನಿಂತಂತೆ ಆಗುತ್ತಿತ್ತು. ತಿರುಗಿದರೆ ಬರೀ ಗೋಡೆ.

ಒಂದು ಮಧ್ಯಾಹ್ನ ಹಾಡಿನ ನಡುವೆ, ಹಾಡಿನದಲ್ಲದ ದನಿಯೊಂದು ಕೇಳಿತು.

"ಅಡಿವೆಪ್ಪಾ..."

ಮೈಮೇಲಿನ ಕೂದಲು ನಿಮಿರಿತು. ಆ ತತ್ವಪದದಲ್ಲಿ ಅವನ ಹೆಸರು ಎಂದೂ ಇರಲಿಲ್ಲ. ಪ್ಲೇಯರ್ ನಿಲ್ಲಿಸಿದ. ಹಾಡು ನಿಂತಿತು. ಕರೆ ನಿಲ್ಲಲಿಲ್ಲ.

ತಾಯಿ ಕರೆದೊಯ್ಯಲು ಬಂದಿದ್ದಾಳೆ ಎಂದುಕೊಂಡ. ಹೆದರಿಕೆಯೊಳಗೇ ಒಂದು ಸಂತೋಷ. "ಬಂದ್ನೆವ್ವಾ" ಎಂದು ಕಣ್ಣು ಮುಚ್ಚಿ ಕೂತೇ ಇದ್ದ. ಕರೆ ಕ್ಷೀಣಿಸುತ್ತ ಬಂತು. ಇನ್ನಷ್ಟು ಕೇಳಲೆಂದು ಹೆಡ್‌ಫೋನನ್ನು ಕಿವಿಗೆ ಒತ್ತಿದ, ದನಿ ಕುಗ್ಗಿತು. ಸಡಿಲಿಸಿದ, ದನಿ ಏರಿತು. ತೆಗೆದೇಬಿಟ್ಟ. ಕರೆ ಬಚ್ಚಲುಮನೆಯಿಂದ ಬರುತ್ತಿತ್ತು.

ಪಾರವ್ವ ಜಾರಿ ಬಿದ್ದಿದ್ದಳು. ತೊಡೆಯ ಎಲುಬು ಮುರಿದು, ಹಸಿ ಕಲ್ಲಿನ ಮೇಲೆ ಬಹಳ ಹೊತ್ತು ಬಿದ್ದು ತುಟಿ ನೀಲಿಗಟ್ಟಿತ್ತು. ಅವನನ್ನು ಕಂಡು ಆಕೆ ಅಂದದ್ದು ಇಷ್ಟು:

"ಏನ್ರಿ, ಏನ್ರಿ ಅಂತ ಬಾಳ ಹೊತ್ತು ಕರದೆ. ನಿಮಗ ಕೇಳಸ್ಲಿಲ್ಲ. ಕಡೀಕ ಹೆಸರು ಹಿಡದ ಕರದೆ. ತಪ್ಪಾತೇನ್ರಿ?"

ಬದುಕಿದಳು. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ಬಿಟ್ಟರು. ಕೋಲು ಹಿಡಿದು ನಡೆಯುವ ಹೆಂಡತಿಯ ಪಕ್ಕದಲ್ಲಿ ಅಡಿವೆಪ್ಪ ಈಗ ತೋಳಿನ ಆಸರೆ ಕೊಟ್ಟು ನಡೆಯುತ್ತಾನೆ.

ತಾಯಂದಿರೇ, ಅಣ್ಣಂದಿರೇ, ಯಂತ್ರದ ಅಡ್ಡಿ ತಂತಿಯಲ್ಲಿರುತ್ತದೆ. ನಮ್ಮ ಅಡ್ಡಿ ಎಲ್ಲಿದೆ? ನಿಮ್ಮನ್ನು ಮುಟ್ಟಲು ನಿಮ್ಮ ಮನೆಯವರು ಎಷ್ಟು ಜೋರಾಗಿ ಕೂಗಬೇಕು? ಬೀಳಬೇಕೇ? ಎಲುಬು ಮುರಿಯಬೇಕೇ? ಸತ್ತವರನ್ನು ನೆನೆಯಬೇಡಿ ಅನ್ನುವುದಿಲ್ಲ, ನೆನೆಯಿರಿ. ಆದರೆ ಇವತ್ತು ಮನೆಗೆ ಹೋದ ಮೇಲೆ ಯಾರಾದರೂ ಕರೆದರೆ, ಕೈಲಿದ್ದದ್ದು ಕೆಳಗಿಡಿ. ಮೊದಲ ಕರೆಗೇ 'ಓ' ಅನ್ನಿ. ಅಂದು ಕೂತಲ್ಲೇ ಕೂರಬೇಡಿ, ಎದ್ದು ಹೋಗಿ.